ನಮ್ಮ ಬ್ಯಾಲೆಗೆ 15 ನಿಮಿಷ

'ಸ್ವಾನ್ ಲೇಕ್' ಕ್ಲಾಸಿಕಲ್ಲಂತೆ, 'ಕರಿಭಂಟನ ಕಾಳಗ' ಜಾನಪದವಂತೆ. ಈ ಗೆರೆ ಎಳೆದವರು ಯಾರು ಸ್ವಾಮಿ? ಎರಡರಲ್ಲೂ ಕಥೆಯಿದೆ, ಕುಣಿತವಿದೆ, ಕುಣಿತವನ್ನು ಹಿಡಿದು ನಡೆಸೋ ಸಂಗೀತವಿದೆ. ನಮ್ಮದರಲ್ಲಿ ಹಾಡು, ಮಾತು ಬೇರೆ ಇದೆ.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ ಅಂತ ನಮ್ಮ ಸೀಮೆಯ ಹಳ್ಳಿಗಳು ಆಡಿಕೊಂಡು ಬಂದದ್ದು ಮೂಡಲಪಾಯ ಯಕ್ಷಗಾನ. ಕರಾವಳಿಯ ಚೆಂಡೆ ಇಲ್ಲಿಲ್ಲ. ಮದ್ದಳೆ, ತಾಳ, ಮುಖವೀಣೆ, ಅಷ್ಟೇ. ಮುಖವೀಣೆ ಅಂದ್ರೆ ವೀಣೆ ಅಲ್ಲ ಕಣ್ರೀ, ಪುಟ್ಟ ಊದುವಾದ್ಯ, ಓಲಗದ ತಮ್ಮ ಅಂದ್ಕೊಳ್ಳಿ. ಭಾಗವತ ಪದ ಎತ್ತಿದರೆ ಬೆನ್ನಿಗೇ ಹೊರಡುತ್ತೆ. ಸುಗ್ಗಿ ಮುಗಿಸಿದ ರೈತ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಬೆಳಗಿನ ತನಕ ಕುಣಿಯೋದು ಇದಕ್ಕೇ. ಹಾರ್ಮೋನಿಯಂ ಸಾಲದಾ ಅಂತೀರಾ? ಸಾಲೋದಿಲ್ಲ. ಅದು ಮನೆಯಿಂದ ಮನೆಗೆ ನೆಗೆಯುತ್ತೆ, ಮುಖವೀಣೆ ಜಾರುತ್ತೆ. ಆ ಜಾರಿಕೆ ಹೋದರೆ ಪದದ ಧಾಟಿಯೇ ಹೋಯ್ತು.

ಈಗ ಆ ಕ್ಲಾಸಿಕಲ್ ಹಂಸದ ಕಥೆ ಕೇಳಿ. 1877ರಲ್ಲಿ ಮಾಸ್ಕೋದಲ್ಲಿ ಮೊದಲು ಆಡಿದಾಗ 'ಸ್ವಾನ್ ಲೇಕ್' ಅಂಥಾ ಹೆಸರೇನೂ ಮಾಡಲಿಲ್ಲ. ಸಂಗೀತ ಬರೆದ ಚೈಕೋವ್‌ಸ್ಕಿ 1893ರಲ್ಲಿ ತೀರಿಕೊಂಡ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪೆಟಿಪಾ, ಇವನೋವ್ ಸೇರಿ ಕುಣಿತವನ್ನು ಹೊಸದಾಗಿ ಕಟ್ಟಿದ ಮೇಲೆ ಅದು ನೆಲೆಯೂರಿತು. ಅಲ್ಲಿ ಚಕ್ರವರ್ತಿಯ ಖಜಾನೆಯಿಂದ ಸಂಬಳವಿತ್ತು, ಕುಣಿತಕ್ಕೆ ಶಾಲೆಯಿತ್ತು, ಸಂಗೀತ ಕಾಗದದ ಮೇಲಿತ್ತು. ಸತ್ತವನ ಕೃತಿಯನ್ನು ಎತ್ತಿ ನಿಲ್ಲಿಸೋಕೆ ಇವು ಬೇಕು. ನಮ್ಮ ಮುಖವೀಣೆಯವನು ಸತ್ತರೆ? ಕಾಗದವೂ ಇಲ್ಲ, ಶಿಷ್ಯನೂ ಇಲ್ಲ.

ಕರಾವಳಿಗೆ ಶಿವರಾಮ ಕಾರಂತರು ಸಿಕ್ಕರು. ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿ, ಮಾತು ಕಿತ್ತುಹಾಕಿ, 'ಯಕ್ಷಗಾನ ಬ್ಯಾಲೆ' ಅಂತ ಹೊರದೇಶಕ್ಕೂ ಒಯ್ದರು. ಮಾತು ತೆಗೆದದ್ದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ, ಆ ಜಗಳ ಇನ್ನೊಮ್ಮೆ ಆಡೋಣ. ಆದರೆ ಉಡುಪಿಯಲ್ಲಿ ಕಲಿಯೋಕೆ ಒಂದು ಯಕ್ಷಗಾನ ಕೇಂದ್ರವಾದರೂ ಇದೆ.

ನಮ್ಮವರಿಗೆ? ಬೆಂಗಳೂರಿನ ಒಂದು ಉತ್ಸವದಲ್ಲಿ ನಾನೇ ನೋಡಿದೆ. ರಾತ್ರಿಯಿಡೀ ಆಡೋ ಆಟಕ್ಕೆ 15 ನಿಮಿಷ. ಮುಖವೀಣೆಗೆ ಮೈಕೇ ಇಟ್ಟಿರಲಿಲ್ಲ. ಕೋಡಂಗಿ ಬಂದು ನಗಿಸಿ ಹೋಗುವಷ್ಟರಲ್ಲಿ ನಿರೂಪಕಿ 'ಥ್ಯಾಂಕ್ಯೂ' ಅಂದಾಯ್ತು. ಆಮೇಲೆ ಸೆಲ್ಫಿಗೆ ಮಾತ್ರ ಕ್ಯೂ! ಕಲೆ ಉಳಿಸಿ ಅಂತ ಹ್ಯಾಶ್‌ಟ್ಯಾಗ್ ಬೇರೆ.

ಲೈಕು ಒತ್ತಿದ್ದು ಸಾಕು ಮಾರಾಯ್ರೇ. ಮುಂದಿನ ಬೇಸಿಗೆಗೆ ಊರಿಗೆ ಹೋದಾಗ ನಾಲ್ಕು ಜನ ದುಡ್ಡು ಹಾಕಿ ಒಂದು ಆಟ ಆಡಿಸಿ. ಮುಖವೀಣೆಯವರನ್ನು ಮೊದಲು ಕರೀರಿ, ಮೈಕು ಅವರ ಹತ್ರ ಇಡಿ. ಬೆಳಗಿನ ತನಕ ಪೂರ್ತಿ ರೆಕಾರ್ಡ್ ಮಾಡ್ಕೊಳ್ಳಿ. ರೆಕಾರ್ಡಿಂಗಿಗೂ ಬೇರೆ ದುಡ್ಡು ಕೊಡಿ.