ಕ್ಷಮೆಯಾಚನೆ ಸಾಲದು, ಲೆಕ್ಕವೂ ಸರಿಯಾಗಬೇಕು

2008ರ ಜೂನ್ 11ರಂದು ಕೆನಡಾದ ಅಂದಿನ ಪ್ರಧಾನಿ ಸ್ಟೀಫನ್ ಹಾರ್ಪರ್ ಅವರು ಸಂಸತ್ತಿನಲ್ಲಿ ತಮ್ಮ ದೇಶದ ಮೂಲನಿವಾಸಿಗಳ ಕ್ಷಮೆ ಕೋರಿದರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿನ ಸರ್ಕಾರ ಚರ್ಚುಗಳೊಡನೆ ಸೇರಿ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಲ್ಲಿ ಇರಿಸಿತ್ತು. ಮಕ್ಕಳನ್ನು ಹೆತ್ತವರಿಂದ ಅಗಲಿಸಿ, ಅವರ ಭಾಷೆ, ಆಚಾರಗಳನ್ನು ಮರೆಸುವುದೇ ಆ ವ್ಯವಸ್ಥೆಯ ಉದ್ದೇಶವಾಗಿತ್ತು. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ಒಂದು ಸರ್ಕಾರ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ಸಣ್ಣ ಸಂಗತಿಯೇನಲ್ಲ. ಆದರೆ ಅದೇ ವರ್ಷಗಳಲ್ಲಿ ಅದೇ ಸರ್ಕಾರದ ವಕೀಲರು, ಮೂಲನಿವಾಸಿ ಮಕ್ಕಳ ಪಾಲನೆಗೆ ನೀಡುವ ಹಣ ಇತರ ಮಕ್ಕಳಿಗಿಂತ ಕಡಿಮೆ ಎಂಬ ದೂರನ್ನು ವಿಚಾರಣೆಗೇ ಎತ್ತಿಕೊಳ್ಳಕೂಡದೆಂದು ವಾದಿಸುತ್ತಿದ್ದರು.

ಆ ದೂರನ್ನು 2007ರ ಫೆಬ್ರುವರಿಯಲ್ಲಿ ಸಲ್ಲಿಸಿದ್ದು ಫಸ್ಟ್ ನೇಷನ್ಸ್ ಚೈಲ್ಡ್ ಅಂಡ್ ಫ್ಯಾಮಿಲಿ ಕೇರಿಂಗ್ ಸೊಸೈಟಿ ಎಂಬ ಚಿಕ್ಕ ಸ್ವಯಂಸೇವಾ ಸಂಸ್ಥೆ. ಅದರ ನೇತೃತ್ವ ಸಿಂಡಿ ಬ್ಲ್ಯಾಕ್‌ಸ್ಟಾಕ್ ಅವರದು. ಮೂಲನಿವಾಸಿ ಮುಖಂಡರ ರಾಷ್ಟ್ರೀಯ ಒಕ್ಕೂಟವೂ ದೂರಿಗೆ ಸಹಿ ಹಾಕಿತ್ತು. ಈ ಪ್ರಕರಣವನ್ನು ನಾನು ಆಸಕ್ತಿಯಿಂದ ಓದಲು ಕಾರಣವುಂಟು. ಜನಾಂಗೀಯ ತಾರತಮ್ಯವೆಂದರೆ ಬೈಗುಳ, ದ್ವೇಷ, ಹಲ್ಲೆ ಎಂದಷ್ಟೇ ನಾವು ಭಾವಿಸುತ್ತೇವೆ. ಅದು ಅನುದಾನದ ಸೂತ್ರವೊಂದರಲ್ಲಿ ಸದ್ದಿಲ್ಲದೆ ನೆಲೆಸಿರಬಹುದೆಂಬುದನ್ನು ಈ ಪ್ರಕರಣ ತೋರಿಸುತ್ತದೆ.

ಕೆನಡಾದಲ್ಲಿ ಮಕ್ಕಳ ರಕ್ಷಣೆ ಪ್ರಾಂತೀಯ ಸರ್ಕಾರಗಳ ಹೊಣೆ. ಆದರೆ ಮೂಲನಿವಾಸಿಗಳ ಮೀಸಲು ನೆಲೆಗಳಲ್ಲಿ ಅದರ ವೆಚ್ಚವನ್ನು ಭರಿಸಬೇಕಾದದ್ದು ಕೇಂದ್ರ ಸರ್ಕಾರ. ಪ್ರತಿ ನೆಲೆಯಲ್ಲೂ ನೂರಕ್ಕೆ ಆರು ಮಕ್ಕಳು ಸರ್ಕಾರದ ಪಾಲನೆಯಲ್ಲಿರುತ್ತಾರೆಂದು ಊಹಿಸಿ, ಅಲ್ಲಿನ ಮಕ್ಕಳ ಸೇವಾಸಂಸ್ಥೆಗಳ ನಿರ್ವಹಣಾ ಅನುದಾನವನ್ನು ನಿಗದಿಪಡಿಸಲಾಗುತ್ತಿತ್ತು. ವಾಸ್ತವ ಪರಿಸ್ಥಿತಿ ಏನೇ ಇರಲಿ, ಸೂತ್ರ ಬದಲಾಗುತ್ತಿರಲಿಲ್ಲ. 1990ರ ದಶಕದ ಮಧ್ಯಭಾಗದಿಂದ ಬೆಲೆ ಏರಿಕೆಗೆ ತಕ್ಕ ಹೊಂದಾಣಿಕೆಯೂ ನಿಂತುಹೋಯಿತು. ಕಷ್ಟದಲ್ಲಿರುವ ಕುಟುಂಬಕ್ಕೆ ನೆರವಾಗಿ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವ ಕೆಲಸಕ್ಕೆ ಹಣ ತೀರ ಅಲ್ಪ. ಆದರೆ ಮಗುವನ್ನು ಮನೆಯಿಂದ ಹೊರತಂದು ಅನ್ಯರ ಪಾಲನೆಗೆ ಒಪ್ಪಿಸಿದರೆ ತಗಲುವ ವೆಚ್ಚವನ್ನು ಕೇಂದ್ರ ಪೂರ್ತಿಯಾಗಿ ಮರುಪಾವತಿಸುತ್ತಿತ್ತು. ಇದರ ಪರಿಣಾಮವೇನೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ. ವಸತಿ ಶಾಲೆಗಳು ಮುಚ್ಚಿದವು. ಮಕ್ಕಳು ಮನೆ ಬಿಡುವುದು ಮಾತ್ರ ನಿಲ್ಲಲಿಲ್ಲ.

ಸರ್ಕಾರಕ್ಕೆ ಇದು ತಿಳಿದಿರಲಿಲ್ಲವೆನ್ನುವಂತಿಲ್ಲ. 2000ದಲ್ಲಿ ಇಲಾಖೆ ತಾನೇ ಪಾಲ್ಗೊಂಡಿದ್ದ ಜಂಟಿ ಪರಾಮರ್ಶೆಯು, ಈ ಮಕ್ಕಳಿಗೆ ಸಿಗುತ್ತಿದ್ದ ತಲಾ ಅನುದಾನ ಪ್ರಾಂತ್ಯಗಳ ಸರಾಸರಿಗಿಂತ ಶೇ 22ರಷ್ಟು ಕಡಿಮೆ ಎಂದು ಹೇಳಿತ್ತು. ಕಡತದಲ್ಲಿ ಸತ್ಯವಿದ್ದೂ ಅದು ಆದೇಶವಾಗದಿರುವುದು ಆ ದೇಶಕ್ಕೆ ಹೊಸದಲ್ಲ. ವಸತಿ ಶಾಲೆಗಳಲ್ಲಿ ಕ್ಷಯರೋಗದಿಂದ ಮಕ್ಕಳು ಸಾಯುತ್ತಿರುವುದನ್ನು ಮುಖ್ಯ ವೈದ್ಯಾಧಿಕಾರಿ ಪೀಟರ್ ಬ್ರೈಸ್ 1907ರಲ್ಲೇ ವರದಿ ಮಾಡಿದ್ದರು. ಅವರ ಶಿಫಾರಸುಗಳು ಮೂಲೆಗುಂಪಾದವು. ಸೇವೆಯಿಂದ ಹೊರಬಿದ್ದ ಬಳಿಕ, 1922ರಲ್ಲಿ, ಇದನ್ನು ರಾಷ್ಟ್ರೀಯ ಅಪರಾಧವೆಂದು ಕರೆದು ಅವರೇ ಪುಸ್ತಿಕೆಯೊಂದನ್ನು ಪ್ರಕಟಿಸಬೇಕಾಯಿತು.

ಯಾವ ಲೆಕ್ಕಶೀರ್ಷಿಕೆಯಲ್ಲಿ ಖರ್ಚು ಹಾಕಬೇಕೆಂಬ ಪ್ರಶ್ನೆ ಆಡಳಿತದಲ್ಲಿ ನಿತ್ಯ ಏಳುವಂಥದ್ದು. ಅದೂ ಕೊಲ್ಲಬಲ್ಲದು. ಮ್ಯಾನಿಟೋಬಾದ ನಾರ್ವೆ ಹೌಸ್ ಸಮುದಾಯದ ಜೋರ್ಡನ್ ರಿವರ್ ಆಂಡರ್ಸನ್ ಎಂಬ ಬಾಲಕ ಜನ್ಮತಃ ಗಂಭೀರ ಕಾಯಿಲೆಗೆ ತುತ್ತಾಗಿದ್ದ. ಆಸ್ಪತ್ರೆಯಿಂದ ಮನೆಗೆ ಹೋಗಬಹುದೆಂದು ವೈದ್ಯರು ಹೇಳಿದ ಮೇಲೂ, ಆರೈಕೆಯ ವೆಚ್ಚ ಯಾರದೆಂದು ಕೇಂದ್ರ ಮತ್ತು ಪ್ರಾಂತೀಯ ಸರ್ಕಾರಗಳು ಎರಡು ವರ್ಷಕ್ಕೂ ಮಿಕ್ಕಿ ಜಗಳವಾಡಿದವು. 2005ರಲ್ಲಿ, ಐದರ ವಯಸ್ಸಿನಲ್ಲಿ, ಆತ ಆಸ್ಪತ್ರೆಯಲ್ಲೇ ಅಸುನೀಗಿದ. ಮೊದಲು ಮಗುವಿಗೆ ಸೇವೆ, ಆಮೇಲೆ ಸರ್ಕಾರಗಳ ನಡುವಣ ಲೆಕ್ಕ ತೀರುವಳಿ ಎಂಬ ‘ಜೋರ್ಡನ್ ತತ್ವ’ವನ್ನು 2007ರ ಡಿಸೆಂಬರ್‌ನಲ್ಲಿ ಕೆಳಮನೆ ಅವಿರೋಧವಾಗಿ ಅಂಗೀಕರಿಸಿತು. ಆದರೆ ಅದು ವ್ಯವಹಾರದಲ್ಲಿ ಜಾರಿಗೆ ಬರಲು ನ್ಯಾಯಮಂಡಳಿಯ ಆದೇಶಗಳೇ ಬೇಕಾದವು.

ಆ ಹಾದಿಯೂ ಸುಗಮವಾಗಿರಲಿಲ್ಲ. ಕೇಂದ್ರದ ಅನುದಾನವನ್ನು ಪ್ರಾಂತ್ಯಗಳ ಅನುದಾನದೊಡನೆ ಹೋಲಿಸುವಂತಿಲ್ಲವೆಂಬ ತಾಂತ್ರಿಕ ಕಾರಣಕ್ಕೆ 2011ರಲ್ಲಿ ದೂರು ವಜಾ ಆಯಿತು. 2012ರಲ್ಲಿ ಫೆಡರಲ್ ನ್ಯಾಯಾಲಯ ಆ ಆದೇಶವನ್ನು ರದ್ದುಗೊಳಿಸಿತು. ಸರ್ಕಾರಿ ಇಲಾಖೆಗಳು ಬ್ಲ್ಯಾಕ್‌ಸ್ಟಾಕ್ ಅವರ ಫೇಸ್‌ಬುಕ್ ಪುಟದಿಂದ ವೈಯಕ್ತಿಕ ಮಾಹಿತಿ ಸಂಗ್ರಹಿಸಿದ್ದವೆಂದು 2013ರಲ್ಲಿ ಖಾಸಗಿತನದ ಆಯುಕ್ತರು ಕಂಡುಕೊಂಡರು. ಕಡೆಗೆ 2016ರ ಜನವರಿ 26ರಂದು ಕೆನಡಾದ ಮಾನವ ಹಕ್ಕುಗಳ ನ್ಯಾಯಮಂಡಳಿ, ಸರ್ಕಾರ ಜನಾಂಗೀಯ ತಾರತಮ್ಯ ಎಸಗಿದೆಯೆಂದು ತೀರ್ಪಿತ್ತಿತು. 2023ರಲ್ಲಿ ನ್ಯಾಯಾಲಯದ ಅನುಮೋದನೆ ಪಡೆದ ಪರಿಹಾರದ ಮೊತ್ತ 2,334 ಕೋಟಿ ಡಾಲರ್.

ಹಕ್ಕಿನ ಹೆಸರಿನಲ್ಲಿ ಬೊಕ್ಕಸ ಬರಿದಾಗುವುದಿಲ್ಲವೇ ಎಂದು ಕೇಳುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಪ್ರಶ್ನೆ ಅನುಚಿತವೇನಲ್ಲ. ಆದರೆ ಈ ಮೊತ್ತ ನ್ಯಾಯದ ಬೆಲೆಯಲ್ಲ, ನ್ಯಾಯವನ್ನು ಮುಂದೂಡಿದ್ದರ ಬಡ್ಡಿ. 2000ದಲ್ಲೇ ಕೊರತೆಯನ್ನು ತುಂಬಿದ್ದರೆ ಅಸಲು ಇಷ್ಟು ಬೆಳೆಯುತ್ತಿರಲಿಲ್ಲ; ಎಷ್ಟೋ ಮಕ್ಕಳ ಬಾಲ್ಯವೂ ಉಳಿಯುತ್ತಿತ್ತು.

ಗೆಲುವಿನ ಕಥೆ ಇಲ್ಲಿಗೆ ಮುಗಿಯಿತೆಂದೂ ಅಲ್ಲ. 2021ರ ಜನಗಣತಿಯ ಪ್ರಕಾರ ಹದಿನೈದು ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳ ಪಾಲು ಶೇ 7.7, ಅದೇ ವಯಸ್ಸಿನ, ಅನ್ಯರ ಪಾಲನೆಯಲ್ಲಿರುವ ಮಕ್ಕಳಲ್ಲಿ ಅವರ ಪಾಲು ಶೇ 53.8. ದೀರ್ಘಾವಧಿ ಸುಧಾರಣೆಗೆಂದು ಸಿದ್ಧಪಡಿಸಿದ 4,780 ಕೋಟಿ ಡಾಲರ್‌ಗಳ ಒಪ್ಪಂದದ ಕರಡನ್ನು 2024ರ ಅಕ್ಟೋಬರ್‌ನಲ್ಲಿ ಮೂಲನಿವಾಸಿ ಮುಖಂಡರ ಸಭೆ ತಿರಸ್ಕರಿಸಿತು. ಹಣ ಎಷ್ಟೆಂಬುದರ ಜೊತೆಗೆ ಅದರ ಮೇಲೆ ಯಾರ ಹಿಡಿತವಿರಬೇಕು, ತಾರತಮ್ಯ ಮರುಕಳಿಸದೆಂಬ ಖಾತರಿ ಏನು ಎಂಬುದೂ ಅವರ ಪ್ರಶ್ನೆಯಾಗಿತ್ತು.

ಸತ್ಯ ಮತ್ತು ಸಾಮರಸ್ಯ ಆಯೋಗವು 2015ರಲ್ಲಿ ನೀಡಿದ 94 ಕರೆಗಳಲ್ಲಿ ಮೊದಲ ಐದು ಮಕ್ಕಳ ಪಾಲನೆಗೇ ಸಂಬಂಧಿಸಿವೆ. ಈಗ ಕೆನಡಾದ ಸಭೆಗಳು, ಈ ನೆಲ ಮೂಲನಿವಾಸಿಗಳದೆಂಬ ಸ್ಮರಣೆಯೊಡನೆ ಆರಂಭವಾಗುವುದು ವಾಡಿಕೆಯಾಗಿದೆ. ಸಂಸ್ಥೆಗಳು ತಾರತಮ್ಯ ನಿವಾರಣೆಯ ಧೋರಣಾಪತ್ರಗಳನ್ನು ಹೊರಡಿಸುತ್ತವೆ, ತರಬೇತಿ ನಡೆಸುತ್ತವೆ. ಇವು ಬೇಡವೆನ್ನಲಾಗದು. ಆದರೆ ಆಯವ್ಯಯದ ಪಟ್ಟಿಗೆ ಇಳಿಯದ ಸ್ಮರಣೆ ಬರಿಯ ಮಂಗಳಶ್ಲೋಕವಾದೀತು. ಸ್ವಯಂಸೇವಾ ಸಂಸ್ಥೆಯೆಂದರೆ ಬಟ್ಟೆ, ಪುಸ್ತಕ ಹಂಚುವುದೆಂದು ತಿಳಿದ ನಮಗೂ ಇಲ್ಲೊಂದು ಪಾಠವಿದೆ. ಸೂತ್ರವನ್ನು ಓದಿ, ಕೂಡಿ ಕಳೆದು, ಅನ್ಯಾಯವನ್ನು ಅಂಕಿಗಳಲ್ಲಿ ತೋರಿಸುವ ನೀರಸ ಕೆಲಸವೂ ಸೇವೆಯೇ. ಕ್ಷಮೆಯಾಚನೆಯಿಂದಾಗದ್ದು ಆ ಕೆಲಸದಿಂದ ಆಯಿತು.

ಟೊರಾಂಟೊ, ವ್ಯಾಂಕೂವರ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದರಲ್ಲಿ ಪಾಲಿದೆ. ಆಯೋಗದ ಕೊನೆಯ ಕರೆಯಂತೆ 2021ರಲ್ಲಿ ಆ ದೇಶದ ಪೌರತ್ವದ ಪ್ರಮಾಣವಚನ ಬದಲಾಯಿತು. ಮೂಲನಿವಾಸಿಗಳ ಹಕ್ಕುಗಳನ್ನೂ ಅವರೊಡನೆ ಆದ ಒಪ್ಪಂದಗಳಿಂದ ಬಂದ ಹಕ್ಕುಗಳನ್ನೂ ಮಾನ್ಯ ಮಾಡುವ ಸಂವಿಧಾನಕ್ಕೆ ಬದ್ಧರಾಗಿರುವೆವೆಂದು ಹೊಸ ಪೌರರು ಇಂದು ಕೈಯೆತ್ತಿ ನುಡಿಯುತ್ತಾರೆ. ವಸತಿ ಶಾಲೆಗಳನ್ನು ನಡೆಸಿದವರು ನಾವಲ್ಲವೆಂದು ಅವರು ಹೇಳಬಹುದು, ಅದು ನಿಜವೂ ಹೌದು. ಆದರೆ ಒಂದು ಮನೆಯ ಆಸ್ತಿಯಲ್ಲಿ ಪಾಲು ಪಡೆದವರು ಅದರ ಸಾಲದಲ್ಲಿಯೂ ಪಾಲುದಾರರು.