ಮದ್ರಾಸಿಗಳು ಕಂಡ ಬರ್ಬರ್ ಹಳ್ಳಿ

ಮೊರಾಕ್ಕೊಗೆ ಹೋಗಿಬಂದ ನಮ್ಮವರ ಫೋಟೋಗಳ ಕೆಳಗೆ ಒಂದೇ ಸಾಲು ಮತ್ತೆ ಮತ್ತೆ ಕಾಣುತ್ತದೆ: ‘ಕಾಲ ನಿಂತುಹೋದ ಬರ್ಬರ್ ಹಳ್ಳಿಗಳು.’ ಬೆಳಿಗ್ಗೆ ಮರಾಕೆಶ್‌ನಲ್ಲಿ ವ್ಯಾನ್ ಹತ್ತಿ, ಒಂದೂವರೆ ಗಂಟೆಯಲ್ಲಿ ಹೈ ಅಟ್ಲಾಸ್ ಬೆಟ್ಟಸಾಲಿನ ಇಮ್ಲಿಲ್ ತಲುಪಿ, ಗೈಡ್ ಹಿಂದೆ ನಾಲ್ಕೈದು ಗಂಟೆ ನಡೆದು, ಯಾರದೋ ಮನೆಯ ತಾರಸಿಯಲ್ಲಿ ತಜೀನ್ ಉಂಡು ಸಂಜೆಗೆ ವಾಪಸಾಗುವ ಒಂದು ದಿನದ ಟ್ರೆಕ್. ನಾನೂ ಹೋಗಿದ್ದೇನೆ. ದಾರಿ ಚೆಂದ, 4,167 ಮೀಟರ್ ಎತ್ತರದ ತುಬ್ಕಾಲ್ ಶಿಖರದ ನೆರಳು ಚೆಂದ, ಊಟ ಇನ್ನೂ ಚೆಂದ. ನನ್ನ ತಕರಾರಿರುವುದು ಆ ಸಾಲಿನ ಬಗ್ಗೆ. ಅದು ಸುಳ್ಳು. ಬರೀ ಸುಳ್ಳಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅಲ್ಲಿ ಬದುಕುವವರು ಅದಕ್ಕೆ ಬೆಲೆ ತೆರುತ್ತಾರೆ.

ಹೆಸರಿನಿಂದಲೇ ಶುರುಮಾಡೋಣ. ಗ್ರೀಕರು ತಮಗೆ ಅರ್ಥವಾಗದ ಮಾತಾಡುವವರಿಗೆಲ್ಲ ಇಟ್ಟ ಹೀಯಾಳಿಕೆಯ ಹೆಸರಿನ ಸಂತತಿ ‘ಬರ್ಬರ್’. ನಮ್ಮ ಪತ್ರಿಕೆಗಳು ‘ಬರ್ಬರ ಹತ್ಯೆ’ ಎಂದು ಬರೆಯುವಾಗಿನ ಬರ್ಬರವೂ ಅದರ ನೆಂಟನೇ. ಆ ಜನ ತಮ್ಮನ್ನು ಕರೆದುಕೊಳ್ಳುವುದು ಅಮಾಝಿಗ್ ಎಂದು. ‘ಆದರೆ ಗೈಡೇ ಬರ್ಬರ್ ಅಂದನಲ್ಲ, ಪುದೀನ ಚಹಾಕ್ಕೆ ಬರ್ಬರ್ ವಿಸ್ಕಿ ಅಂತ ನಗಿಸಿದನಲ್ಲ’ ಎನ್ನುತ್ತೀರಿ. ಹೌದು, ವ್ಯಾಪಾರಕ್ಕೆ ನಿಂತವನು ಗಿರಾಕಿಯ ಮಾತನ್ನೇ ಆಡುತ್ತಾನೆ. ಮುಂಬೈಯಲ್ಲಿ, ದೆಹಲಿಯಲ್ಲಿ ಅಂಗಡಿಯಾತ ನಮ್ಮನ್ನು ‘ಮದ್ರಾಸಿ’ ಎಂದಾಗ ನಾವೆಲ್ಲರೂ ಪ್ರತಿಸಲವೂ ತಿದ್ದುತ್ತೇವೆಯೇ? ನಕ್ಕು ಸುಮ್ಮನಾಗುತ್ತೇವೆ. ಆ ನಗು ಒಪ್ಪಿಗೆಯಲ್ಲವೆಂದು ನಮಗೆ ಗೊತ್ತು. ಗೈಡ್‌ನ ನಗುವಿನಲ್ಲಿ ಮಾತ್ರ ಒಪ್ಪಿಗೆ ಹೇಗೆ ಕಂಡಿತು?

ಇನ್ನು ಆ ನಿಂತುಹೋದ ಕಾಲ. ನಮ್ಮ ಗುಂಪಿನ ಒಬ್ಬರು ಊರ ಅಂಚಿನಲ್ಲಿ ಸಿಮೆಂಟ್ ಕಂಬಗಳ ಹೊಸ ಮನೆ ಕಂಡು ‘ಅಯ್ಯೋ, ಇದೂ ಹಾಳಾಯ್ತು’ ಎಂದು ಕ್ಯಾಮೆರಾ ಬೇರೆಡೆ ತಿರುಗಿಸಿದರು. 2023ರ ಸೆಪ್ಟೆಂಬರ್ 8ರ ರಾತ್ರಿ ಇದೇ ಅಲ್ ಹೌಝ್ ಪ್ರಾಂತ್ಯದಲ್ಲಿ 6.8 ತೀವ್ರತೆಯ ಭೂಕಂಪವಾಯಿತು. 2,900ಕ್ಕೂ ಹೆಚ್ಚು ಜನ ಸತ್ತರು. ನಾವು ಫೋಟೋ ತೆಗೆಯಲು ಹಂಬಲಿಸುವಂಥ ಮಣ್ಣು-ಕಲ್ಲಿನ ಮನೆಗಳೇ ಮಲಗಿದ್ದವರ ಮೇಲೆ ಕುಸಿದವು. ಪೂರ್ತಿ ಬಿದ್ದ ಮನೆಗೆ 140,000 ದಿರ್ಹಮ್, ಭಾಗಶಃ ಬಿದ್ದದ್ದಕ್ಕೆ 80,000 ದಿರ್ಹಮ್ ಎಂದು ಸರ್ಕಾರ ಪರಿಹಾರ ಘೋಷಿಸಿತು. ಎಷ್ಟೋ ಕುಟುಂಬಗಳು ಆಮೇಲೂ ಚಳಿಗಾಲವನ್ನು ಡೇರೆಯಲ್ಲೇ ಕಳೆದವು. ಮಣ್ಣಿನ ಮನೆಯನ್ನೂ ಭದ್ರವಾಗಿ ಕಟ್ಟಬಹುದು, ಅಲ್ಲಿನ ಚಳಿಗೂ ಬಿಸಿಲಿಗೂ ಅದೇ ಒಳ್ಳೆಯದು ಎನ್ನುವ ವಾದದಲ್ಲಿ ಹುರುಳಿದೆ. ಆದರೆ ಆ ತೀರ್ಮಾನ ಆ ಛಾವಣಿಯ ಕೆಳಗೆ ಮಲಗುವವರದು. ಇಪ್ಪತ್ತನೇ ಮಹಡಿಯ ಕಾಂಕ್ರೀಟ್ ಫ್ಲ್ಯಾಟ್‌ಗೆ ಇಎಂಐ ಕಟ್ಟುವ ನಾವು ಮಣ್ಣಿನ ಗೋಡೆಯ ಸೊಬಗನ್ನು ಅವರಿಗೆ ಬೋಧಿಸುವುದು ನಾಚಿಕೆಗೇಡು.

ಅಲ್ಲಿ ಕಾಲ ಯಾವತ್ತೂ ನಿಂತಿರಲಿಲ್ಲ. ಮೆಟ್ಟಿಲು ಗದ್ದೆಗಳಿಗೆ ನೀರುಣಿಸುವ ಕಾಲುವೆಗೆ ಅವರು ‘ತರ್ಗ’ ಎನ್ನುತ್ತಾರೆ. ಯಾರ ಹೊಲಕ್ಕೆ ಯಾವ ಹೊತ್ತು ನೀರು ಎಂಬ ಸರದಿಯನ್ನು ಊರವರೇ ಕೂತು ಗೊತ್ತುಮಾಡುತ್ತಾರೆ. ಎಲ್ಲರೂ ಸೇರಿ ಒಬ್ಬರ ಕೆಲಸ ಮುಗಿಸಿಕೊಡುವುದಕ್ಕೆ ‘ತಿವಿಝಿ’ ಎಂದು ಹೆಸರು; ನಮ್ಮ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ವಿವರಣೆ ಬೇಡ. ಆ ನೀರು ಇವತ್ತು ಪೇಟೆಗೆ ಹೋಗುವ ಸೇಬು, ಚೆರ್ರಿಗೆ ಹರಿಯುತ್ತದೆ. ಇದು ಮಾರುಕಟ್ಟೆಯ ದರ ನೋಡಿ ಬದುಕುವ ಊರು. ದಾರಿಯಲ್ಲಿ ವ್ಯಾನ್ ನಿಲ್ಲಿಸಿ ‘ಈ ಬೆಟ್ಟದ ಆರ್ಗನ್ ಎಣ್ಣೆ’ ಎಂದು ಮಾರುತ್ತಾರಲ್ಲ, ಆರ್ಗನ್ ಬೆಳೆಯುವುದು ಬೆಟ್ಟದಾಚೆಯ ಸೂಸ್ ಸೀಮೆಯಲ್ಲಿ. ಇಮ್ಲಿಲ್ ಕಣಿವೆಯ ಮರ ವಾಲ್‌ನಟ್. ಮಾರ್ಟಿನ್ ಸ್ಕಾರ್ಸೆಸಿ 1997ರ ತನ್ನ ‘ಕುಂದುನ್’ ಚಿತ್ರಕ್ಕೆ ಇದೇ ಇಮ್ಲಿಲ್ ಅನ್ನು ಟಿಬೆಟ್ ಮಾಡಿಕೊಂಡ. ಹೊರಗಿನವರ ಕಣ್ಣಿಗೆ ಇಮ್ಲಿಲ್, ಯಾವ ಪುರಾತನವನ್ನು ಬೇಕಾದರೂ ಮೂಡಿಸಬಹುದಾದ ಪರದೆ.

ಆ ಬೆಟ್ಟಗಳ ಜನ ವಲಸೆಯನ್ನು ನಮ್ಮಷ್ಟೇ ಬಲ್ಲವರು. ಕಾಸಾಬ್ಲಾಂಕಾದ ಗಲ್ಲಿಗಲ್ಲಿಯ ಕಿರಾಣಿ ಅಂಗಡಿಗಳನ್ನು ಕಟ್ಟಿದವರು ಸೂಸ್ ಕಡೆಯ ಅಮಾಝಿಗರು. ಚಿಕ್ಕ ವಯಸ್ಸಿಗೇ ಊರು ಬಿಟ್ಟು, ಅಂಗಡಿಯಲ್ಲೇ ಮಲಗಿ, ದುಡ್ಡು ಊರಿಗೆ ಕಳಿಸಿ, ಆಮೇಲೆ ತಮ್ಮನನ್ನೋ ಅಳಿಯನನ್ನೋ ಕರೆಸಿಕೊಂಡವರು. ಮುಂಬೈಯ ಉಡುಪಿ ಹೋಟೆಲುಗಳ ಕಥೆ ಗೊತ್ತಿರುವ ಯಾರಿಗೂ ಇದು ಪರದೇಶದ ಕಥೆ ಅನ್ನಿಸದು. ನಮ್ಮ ಹೋಟೆಲಿನವರ ಊರನ್ನು ಯಾರಾದರೂ ‘ಕಾಲ ನಿಂತುಹೋದ ಊರು’ ಎಂದರೆ ಒಪ್ಪುತ್ತೇವೆಯೇ?

ನನಗೆ ಎಲ್ಲಕ್ಕಿಂತ ಹೆಚ್ಚು ಕುಟುಕುವುದು ಭಾಷೆಯ ಸಂಗತಿ. ನಮ್ಮ ಗೈಡ್ ಅರಬಿ, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ ವಿವರಿಸಬಲ್ಲವನಾಗಿದ್ದ. ದಾರಿಯಲ್ಲಿ ಎದುರಾದ ಹೇಸರಗತ್ತೆಯವರೊಡನೆ ಆಡಿದ್ದು ಮಾತ್ರ ತಶೆಲ್‌ಹಿತ್, ತಾಯ್ನುಡಿ. ಅದರಲ್ಲಿ ನಮ್ಮವರು ಯಾರೂ ಒಂದು ಪದವನ್ನೂ ಕೇಳಿ ಕಲಿಯಲಿಲ್ಲ. ಆ ನುಡಿಯ ಹಿಂದೆ ದೊಡ್ಡ ಹೋರಾಟವಿದೆ. ಅಮಾಝಿಗ್ ಸಂಸ್ಕೃತಿಗೆಂದು ರಾಜಸಂಸ್ಥೆ ಹುಟ್ಟಿದ್ದು 2001ರಲ್ಲಿ. ಬರವಣಿಗೆಗೆ ತಿಫಿನಾಘ್ ಲಿಪಿಯೆಂದು ನಿರ್ಧಾರವಾದದ್ದು, ಶಾಲೆಗೆ ಭಾಷೆ ಕಾಲಿಟ್ಟದ್ದು 2003ರಲ್ಲಿ. 2011ರ ಸಂವಿಧಾನ ಅದನ್ನು ಅಧಿಕೃತ ಭಾಷೆ ಮಾಡಿತು. ಜಾರಿಯ ಕಾನೂನಿಗೆ 2019ರವರೆಗೆ ಕಾಯಬೇಕಾಯಿತು. ಅವರ ಹೊಸವರ್ಷಕ್ಕೆ ರಾಷ್ಟ್ರೀಯ ರಜೆ ಮೊದಲು ಸಿಕ್ಕಿದ್ದು 2024ರಲ್ಲಿ. ಇಷ್ಟಾದರೂ ಆ ಭಾಷೆಯ ಪಾಠ ಎಲ್ಲ ಶಾಲೆಗೂ ಮುಟ್ಟಿಲ್ಲ. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲವೆಂದು ಪುಣೆಯಲ್ಲೋ ಚೆನ್ನೈಯಲ್ಲೋ ಕೂತು ಕೊರಗುವ ನಾವು, ಇಂಥ ಜಗಳ ನಡೆಯುತ್ತಿರುವ ಊರಿಗೆ ಹೋಗಿ, ಗೋಡೆಯ ಮೇಲಿನ ತಿಫಿನಾಘ್ ಅಕ್ಷರಗಳನ್ನು ರಂಗೋಲಿಯ ಹಾಗೆ ಫೋಟೋ ತೆಗೆದುಕೊಂಡು ಬರುತ್ತೇವೆ.

ಹಾಗಾದರೆ ಹೋಗುವುದೇ ಬೇಡವೇ? ಖಂಡಿತ ಹೋಗಿ. ಪ್ರವಾಸಿಗಳಿಂದಲೇ ಅಲ್ಲಿ ಅನೇಕರ ಒಲೆ ಉರಿಯುತ್ತದೆ, ಭೂಕಂಪದ ನಂತರ ‘ಬನ್ನಿ’ ಎಂದು ಕರೆದವರೂ ಅವರೇ. ಹೋದವರು ಪ್ಯಾಕೇಜ್ ಹಣದಲ್ಲಿ ಗೈಡ್‌ಗೆ ಎಷ್ಟು, ಊಟ ಹಾಕಿದ ಮನೆಗೆ ಎಷ್ಟು ಎಂದು ಬುಕ್ ಮಾಡುವ ಮೊದಲೇ ಕೇಳಿ. ಉತ್ತರ ಬಾರದಿದ್ದರೆ ಬೇರೆ ಕಡೆ ಬುಕ್ ಮಾಡಿ. ಮನೆಯವರನ್ನು ಕೇಳದೆ ಫೋಟೋ ತೆಗೆಯಬೇಡಿ. ‘ಅಝುಲ್’ ಎಂದು ನಮಸ್ಕರಿಸಿ, ‘ತನೆಮ್ಮಿರ್ತ್’ ಎಂದು ಧನ್ಯವಾದ ಹೇಳಿ. ಎರಡು ಪದ, ಎರಡು ನಿಮಿಷದ ಕಲಿಕೆ. ಸಿಮೆಂಟ್ ಮನೆ ಕಂಡರೆ ಮರುಗಬೇಡಿ, ಯಾವಾಗ ಕಟ್ಟಿದಿರಿ ಎಂದು ಕೇಳಿ. ಫೋಟೋದ ಕೆಳಗೆ ಬರೆಯುವಾಗ ಆ ಊರಿನ ಹೆಸರು ಬರೆಯಿರಿ, ಆ ಜನರನ್ನು ಅಮಾಝಿಗ್ ಎನ್ನಿ. ನಮ್ಮನ್ನು ಮದ್ರಾಸಿ ಎನ್ನಬೇಡಿ ಎಂದು ಊರೂರಲ್ಲಿ ಹೇಳುತ್ತ ಬಂದವರು ನಾವು. ಇಷ್ಟನ್ನು ಮಾಡದಿದ್ದರೆ ಹಾಗೆ ಹೇಳುವ ಹಕ್ಕು ನಮಗಿಲ್ಲ.