ಸಂತೆಯಲ್ಲಿ ಒಂದು ಮುಖ

ಭಾನುವಾರ ನಸುಕಿನಲ್ಲೇ ಎದ್ದು ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗಿದ್ದ ಗೃಹಸ್ಥರೊಬ್ಬರು, ಅಲ್ಲಿ ತೆಗೆದ ಚಿತ್ರಗಳನ್ನು ಮನೆಗೆ ಬಂದು ವೃದ್ಧ ತಾಯಿಯ ಮುಂದೆ ಹಿಡಿದರು. ಸೇವಂತಿಗೆಯ ರಾಶಿ, ಕನಕಾಂಬರದ ಬುಟ್ಟಿ, ತಲೆಹೊರೆಯ ಕೂಲಿಗಳು, ಅವರ ಹಿಂದೆ ಆಟೋರಿಕ್ಷಾ, ಮೇಲೆ ತಂತಿಗಳ ಜಾಲ, ಅಂಗಡಿಗಳ ಫಲಕ, ಮೂಲೆಯಲ್ಲಿ ಯಾರದೋ ಅರ್ಧ ಮೊಣಕೈ. ಒಂದೇ ಪಟದಲ್ಲಿ ಇವೆಲ್ಲವೂ ಇದ್ದವು.

“ಇದರಲ್ಲಿ ಯಾರನ್ನ ನೋಡಲೋ?” ಎಂದರು ತಾಯಿ.

“ಎಲ್ಲಾನೂ ನೋಡಮ್ಮ. ಮಾರ್ಕೆಟ್ ಅಂದರೆ ಹಾಗೇ ಅಲ್ಲವೇ?”

“ಎಲ್ಲಾನೂ ನೋಡೋಕೆ ಮಾರ್ಕೆಟ್ಟಿಗೇ ಹೋಗಬಹುದಲ್ಲೋ. ಪಟ ಯಾಕೆ?”

ಬೀದಿಯ ಛಾಯಾಗ್ರಹಣಕ್ಕೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿಲ್ಲ.

ಕಣ್ಣಿಗೆ ಕಾಣದ ಗೊಂದಲ ಚಿತ್ರದಲ್ಲಿ ಕಾಣುವುದಕ್ಕೆ ಕಾರಣವಿದೆ. ಕಣ್ಣಿನ ಅಕ್ಷಿಪಟಲದಲ್ಲಿ ಸೂಕ್ಷ್ಮ ವಿವರಗಳನ್ನು ಗ್ರಹಿಸುವುದು ನಡುವಿನ ಒಂದು ಪುಟ್ಟ ಭಾಗ ಮಾತ್ರ. ತೋಳು ಚಾಚಿ ಹಿಡಿದ ಹೆಬ್ಬೆರಳಿನ ಉಗುರು ಎಷ್ಟು ಜಾಗವನ್ನು ಮರೆಮಾಡುವುದೋ, ಹೆಚ್ಚು ಕಡಿಮೆ ಅಷ್ಟೇ ಅದರ ವ್ಯಾಪ್ತಿ. ಹೂವಾಡಗಿತ್ತಿಯೊಡನೆ ಚೌಕಾಸಿ ಮಾಡುತ್ತಿರುವವನಿಗೆ ಅವಳ ಮುಖವೊಂದೇ ಸ್ಪಷ್ಟ. ತಂತಿ, ಫಲಕಗಳನ್ನು ಮನಸ್ಸು ತಾನಾಗಿಯೇ ಬದಿಗೆ ಸರಿಸುತ್ತದೆ. ಮಸೂರಕ್ಕೆ ಅಂಥ ಪಕ್ಷಪಾತವಿಲ್ಲ. ಮುಖವನ್ನೂ ಕಂಬವನ್ನೂ ಅದು ಒಂದೇ ಶ್ರದ್ಧೆಯಿಂದ ಬರೆದಿಡುತ್ತದೆ. ಆದ್ದರಿಂದ ಆರಿಸುವ ಹೊಣೆ ಹಿಡಿದವನದು.

ಫ್ರಾನ್ಸಿನ ಆನ್ರಿ ಕಾರ್ಟಿಯೇ-ಬ್ರೆಸಾನ್ (1908–2004) ಆ ಹೊಣೆಯನ್ನು ಹೊತ್ತ ರೀತಿ ನೋಡತಕ್ಕದ್ದು. ಚಿತ್ರಕಲೆಯನ್ನು ಅಭ್ಯಾಸ ಮಾಡಿ ಬಂದ ಅವರು 1932ರಲ್ಲಿ ಇಯೇರ್ ಎಂಬ ಊರಿನಲ್ಲಿ, ಸುತ್ತಿ ಇಳಿಯುವ ಮೆಟ್ಟಿಲುಗಳ ಮೇಲಿನಿಂದ ಬೀದಿಯನ್ನು ಕಂಡರು. ಮೆಟ್ಟಿಲು, ಕಂಬಿ, ಬೀದಿಯ ಅಂಚು, ಎಲ್ಲವೂ ಒಂದು ಖಾಲಿ ಜಾಗದ ಸುತ್ತ ಬಾಗಿವೆ. ಆ ಜಾಗದಲ್ಲಿ ಸೈಕಲ್ ಸವಾರನೊಬ್ಬ ಹಾದು ಹೋಗುವ ಗಳಿಗೆ ಚಿತ್ರವಾಯಿತು. ಅದೇ ವರ್ಷ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ, ಬೇಲಿಯ ಸಂದಿಯಿಂದ ತೆಗೆದ ಚಿತ್ರದಲ್ಲಿ ಏಣಿ, ಬೇಲಿ, ಭಿತ್ತಿಪತ್ರ, ಕಟ್ಟಡ ಎಲ್ಲವೂ ಇವೆ. ಆದರೂ ನೀರಿನ ಮೇಲೆ ನೆಗೆದ ಕಪ್ಪು ಆಕೃತಿಯೇ ಮೊದಲು ಕಾಣುತ್ತದೆ. ನಿಂತ ನೀರಿನ ಬಿಳುಪು ಅವನನ್ನು ಉಳಿದದ್ದರಿಂದ ಬೇರ್ಪಡಿಸಿದೆ. ಚಿತ್ರದ ಅಂಚನ್ನು ಕತ್ತರಿಸುವುದಕ್ಕೆ ಒಪ್ಪದ ಆ ಕಲಾವಿದರು, ಅಡ್ಡ ಬಂದ ಬೇಲಿಯ ಭಾಗವನ್ನು ಇಲ್ಲಿ ಕತ್ತರಿಸಬೇಕಾಯಿತು.

ಹಾಗಾದರೆ ಗದ್ದಲವೆಲ್ಲ ದೋಷವೆ? ಅಲ್ಲವೆಂದು ತೋರಿಸಿಕೊಟ್ಟವರು ಜಯಪುರದ ರಘುಬೀರ್ ಸಿಂಗ್ (1942–1999). 1966ರಲ್ಲಿ ತಮ್ಮೂರಿನಲ್ಲೇ ಕಾರ್ಟಿಯೇ-ಬ್ರೆಸಾನರ ಕೆಲಸವನ್ನು ಕಂಡಿದ್ದ ಅವರು, ಕಪ್ಪು ಬಿಳುಪನ್ನು ಬಿಟ್ಟು ಬಣ್ಣವನ್ನೇ ನೆಚ್ಚಿದರು. ಅಂಬಾಸಿಡರ್ ಕಾರಿನ ಕಿಟಕಿ, ಬಾಗಿಲುಗಳನ್ನೇ ಚೌಕಟ್ಟಾಗಿಸಿ ದೇಶವನ್ನು ನೋಡಿದರು. ಹೌರಾದ ಪಾದಚಾರಿ ದಾರಿಯ ಕನ್ನಡಿ ಅಂಗಡಿಯನ್ನು ಅವರು 1991ರಲ್ಲಿ ಹಿಡಿದ ಚಿತ್ರದಲ್ಲಿ, ಬೀದಿ ಕನ್ನಡಿಗಳೊಳಗೆ ತುಂಡು ತುಂಡಾಗಿ ಮತ್ತೆ ಮೂಡುತ್ತದೆ. ಅಲ್ಲಿ ದಟ್ಟಣೆಯೇ ವಸ್ತು. ಆದರೆ ಪ್ರತಿ ತುಂಡಿಗೂ ತನ್ನ ಸ್ಥಾನವಿದೆ. ಚುಕ್ಕಿ ನೂರಿದ್ದರೂ ರಂಗೋಲಿ ಗೊಂದಲವಲ್ಲ; ಗೆರೆ ತಪ್ಪಿದರೆ ಹತ್ತು ಚುಕ್ಕಿಯೂ ಗೊಂದಲವೇ.

ಸಂತೆಗೆ ಹೋಗಿ ಸಂದಣಿಯನ್ನು ದೂರುವುದು ಕಂಬಳಿಯಲ್ಲಿ ಊಟಕ್ಕೆ ಕುಳಿತು ಕೂದಲು ಆರಿಸಿದಂತೆ. ಅದರ ಬದಲು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ತಲೆಯ ಮೇಲೆ ಮೊಳೆತಂತಿದ್ದ ಕಂಬ ಮಾಯವಾಗುತ್ತದೆ. ಬೆಳಕು ಬಿದ್ದ ಮುಖದ ಹಿಂದೆ ಅಂಗಡಿಯ ಕತ್ತಲು ಬರುವಂತೆ ನಿಂತರೆ ಮುಖ ತಾನೇ ಮುಂದೆ ಬರುತ್ತದೆ. ಆಟೋರಿಕ್ಷಾ ಹಾದುಹೋಗುವ ತನಕ ಕಾಯಬಹುದು. ಗುಂಡಿ ಒತ್ತುವ ಮೊದಲು ನಾಲ್ಕು ಮೂಲೆಗಳ ಮೇಲೆ ಕಣ್ಣಾಡಿಸಿದರೆ ಅರ್ಧ ಮೊಣಕೈಗಳು ಒಳಗೆ ನುಸುಳುವುದಿಲ್ಲ.

ಈ ಶ್ರಮವೇಕೆ, ಬೇಡದ್ದನ್ನೆಲ್ಲ ಇಂದು ಮೊಬೈಲ್ ಫೋನೇ ಅಳಿಸಿಕೊಡುತ್ತದಲ್ಲ ಎನ್ನುವವರುಂಟು. ತಂತಿಯೊಂದು ಅಳಿದರೆ ನಷ್ಟವೇನೂ ಇಲ್ಲದಿರಬಹುದು. ಆದರೆ ಹೂವಾಡಗಿತ್ತಿಯ ಪಕ್ಕದ ಹರಕು ಗೋಣಿಚೀಲ, ಸವೆದ ತಕ್ಕಡಿ, ಆರಿದ ಚಹಾ ಲೋಟ ಕಸವೆ? ಅಂದವಿಲ್ಲವೆಂದು ಅವನ್ನು ಅಳಿಸುವ ಬೆರಳು ಅವಳ ಬದುಕನ್ನೇ ಅಳಿಸೀತು. ಯಾವುದು ಅಡಚಣೆ, ಯಾವುದು ಆಧಾರ ಎಂಬ ತೀರ್ಮಾನ ಯಂತ್ರದ್ದಲ್ಲ. ಅವಳನ್ನು ಅರಿಯುವ ತಾಳ್ಮೆ ಇದ್ದವನಿಗೆ ಮಾತ್ರ ಅದು ಸಾಧ್ಯ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಜನಸಾಮಾನ್ಯರನ್ನೂ ಮಕ್ಕಳನ್ನೂ ಅಷ್ಟು ಗೌರವದಿಂದ ಚಿತ್ರಿಸಬಲ್ಲವರಾದದ್ದು ಆ ತಾಳ್ಮೆಯಿಂದಲೇ.

ಮರುವಾರ ಆ ಗೃಹಸ್ಥರು ಮತ್ತೆ ಮಾರುಕಟ್ಟೆಗೆ ಹೋದರು. ಬಹಳ ಹೊತ್ತು ಕ್ಯಾಮೆರಾವನ್ನು ಚೀಲದಿಂದ ತೆಗೆಯಲೇ ಇಲ್ಲ. ಎರಡು ಮೊಳ ಹೂ ಕೊಂಡು, ಹೂ ಕಟ್ಟುತ್ತಿದ್ದವಳನ್ನು ಮಾತನಾಡಿಸಿ, “ಒಂದು ಪಟ ತೆಗೆಯಲೇನಮ್ಮ?” ಎಂದು ಕೇಳಿದರು. ಅವಳು ನಕ್ಕು, ಮತ್ತೆ ಕೆಲಸದಲ್ಲಿ ಮುಳುಗಿದಳು. ಅವರು ನೆಲಕ್ಕೆ ಕುಕ್ಕರಿಸಿ ಕಾದರು.

ಈ ಬಾರಿಯ ಚಿತ್ರದಲ್ಲೂ ಗೋಣಿಚೀಲವಿತ್ತು, ತಕ್ಕಡಿಯಿತ್ತು, ಹಿಂದೆ ಮಸುಕಾಗಿ ಜನಸಂದಣಿಯೂ ಇತ್ತು. ತಾಯಿ ಕನ್ನಡಕ ಏರಿಸಿಕೊಂಡು ನೋಡಿದರು. ಯಾರನ್ನು ನೋಡಲಿ ಎಂದು ಈ ಸಲ ಕೇಳಲಿಲ್ಲ.

“ಪಾಪ, ಕೈ ಎಷ್ಟು ಒಡೆದುಹೋಗಿದೆ ನೋಡೋ,” ಎಂದರು.